ಧರ್ಮೋಪದೇಶವೂ ಧರ್ಮಾಧ್ಯಯನವೂ: ಪದವಿ ತರಗತಿಗಳಲ್ಲಿ ಬೈಬಲ್ ಮತ್ತು ಜಗತ್ತಿನ ಮತಗಳು

ಮತವೊಂದನ್ನು ಉಪದೇಶಿಸುವುದು ಬೇರೆ, ಮತವೊಂದರ ವಿಷಯವಾಗಿ ತಿಳಿಸಿಕೊಡುವುದು ಬೇರೆ. ಮೊದಲನೆಯದು ಶ್ರದ್ಧೆಯನ್ನು ಬೆಳೆಸುವ ಕಾರ್ಯ. ಎರಡನೆಯದು ತಿಳಿವಳಿಕೆಯನ್ನು ಬೆಳೆಸುವ ಕಾರ್ಯ. ನಮ್ಮ ಉನ್ನತ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಇವೆರಡನ್ನೂ ಒಂದೆಂದೇ ಎಣಿಸಿದುದರಿಂದ, ಮೊದಲನೆಯದನ್ನು ದೂರವಿಡಲು ಹೋಗಿ ಎರಡನೆಯದನ್ನೂ ದೂರವಿಟ್ಟಂತಾಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಕಲಾ ಪದವಿಗೆ ಓದುವ ವಿದ್ಯಾರ್ಥಿಗೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳು ಪರಿಚಿತವಾದ ಐಚ್ಛಿಕ ವಿಷಯಗಳು. ಬೈಬಲನ್ನೂ ಜಗತ್ತಿನ ಇತರ ಮತಗ್ರಂಥಗಳನ್ನೂ ಇವುಗಳ ಸಾಲಿನಲ್ಲಿಟ್ಟು ವ್ಯಾಸಂಗಮಾಡುವ ಪದ್ಧತಿ ಮಾತ್ರ ಇಲ್ಲಿ ಬೇರೂರಲಿಲ್ಲ. ಇದಕ್ಕೆ ಕಾರಣವೇನು, ಇದರಿಂದಾದ ನಷ್ಟವೇನು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಇದರ ಮೂಲವನ್ನು 1854ರ ವುಡ್ ನಿರೂಪದಲ್ಲಿ ಕಾಣಬಹುದು. ಸರ್ಕಾರಿ ವಿದ್ಯಾಶಾಲೆಗಳ ಶಿಕ್ಷಣವು ಕೇವಲ ಲೌಕಿಕವಾಗಿರತಕ್ಕದ್ದೆಂದು ಆ ನಿರೂಪವು ವಿಧಿಸಿತು. ಆದರೆ ಬೈಬಲನ್ನು ಪುಸ್ತಕಭಂಡಾರಗಳಲ್ಲಿ ಇಡಲು ಅಡ್ಡಿಯಿರಲಿಲ್ಲ. ವಿದ್ಯಾರ್ಥಿಯು ತಾನಾಗಿಯೇ ಕೇಳಿದರೆ ಉಪಾಧ್ಯಾಯನು ಪಾಠದ ವೇಳೆಯ ಹೊರಗೆ ವಿವರಿಸಬಹುದಾಗಿತ್ತು. ಎಂದರೆ ಮತಗ್ರಂಥಕ್ಕೆ ಕಪಾಟಿನಲ್ಲಿ ಸ್ಥಳ ದೊರೆಯಿತು, ಪಠ್ಯಕ್ರಮದಲ್ಲಿ ದೊರೆಯಲಿಲ್ಲ. ಈ ನೀತಿಯ ನೆರಳಿನಲ್ಲಿಯೇ 1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಗುವವರೆಗೆ ಬೆಂಗಳೂರಿನ ಕಾಲೇಜುಗಳು ಅದರ ಪರೀಕ್ಷೆಗಳಿಗೇ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿದ್ದವು.

ವಿಶ್ವವಿದ್ಯಾನಿಲಯವು ಕೈಬಿಟ್ಟ ಕಾರ್ಯವು ಅದರ ಹೊರಗೆ ನಡೆಯಿತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಮೋಗ್ಲಿಂಗ್ ಅವರು 1848ರಿಂದ ಹೊರತಂದ ಬಿಬ್ಲಿಯೋಥೆಕಾ ಕರ್ನಾಟಿಕಾ ಮಾಲೆಯಲ್ಲಿ ಬಸವಪುರಾಣವೂ ದಾಸರ ಪದಗಳೂ ಬೆಳಕು ಕಂಡವು. ಕಿಟ್ಟೆಲ್ ಅವರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕಥಾಮಾಲೆಯಾಗಿ ರಚಿಸಿದರು. ಇವರ ಮುಖ್ಯ ಗುರಿ ಮತಪ್ರಚಾರವೆಂಬುದು ನಿಜ. ಆದರೂ ಪರರ ಗ್ರಂಥವನ್ನು ಮೂಲದಲ್ಲಿಯೇ ಓದಬೇಕೆಂಬ ಶಿಸ್ತು ಆ ಪ್ರಯತ್ನದೊಳಗೆ ಬೆಳೆಯಿತೆಂಬುದೂ ಅಷ್ಟೇ ನಿಜ. 1910ರಲ್ಲಿ ಹಲವು ಪ್ರಾಟೆಸ್ಟಂಟ್ ಮಿಷನ್ನುಗಳು ಕೂಡಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ತೆರೆದವು. ಅಲ್ಲಿ ಬೈಬಲಿನ ವ್ಯಾಸಂಗಕ್ಕೆ ಸೆರಾಂಪುರದ ಪದವಿ ದೊರೆಯುವಂತಾಯಿತು. ಆದರೆ ಅದು ಪ್ರಧಾನವಾಗಿ ಸಭಾಸೇವೆಗೆ ಹೊರಟವರ ಹಾದಿ. ಸಾಮಾನ್ಯ ಕಲಾ ವಿದ್ಯಾರ್ಥಿಯ ಹಾದಿಯಲ್ಲ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮತಗಳ ಪ್ರಶ್ನೆಯು ತತ್ತ್ವಶಾಸ್ತ್ರದ ಮನೆಯಲ್ಲಿ ಅತಿಥಿಯಾಗಿ ಉಳಿಯಿತು. 1918ರಿಂದ 1921ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ರಾಧಾಕೃಷ್ಣನ್ ಅವರು 1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೌರ್ವಾತ್ಯ ಮತಗಳ ಪ್ರಾಧ್ಯಾಪಕರಾದರು. ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು (1948-49) ಪದವಿ ತರಗತಿಗಳಿಗೆ ಸ್ಪಷ್ಟವಾದ ಕ್ರಮವನ್ನು ಸೂಚಿಸಿತು. ಮೊದಲನೆಯ ವರ್ಷ ಬುದ್ಧ, ಯೇಸು, ಮಹಮ್ಮದ್, ಶಂಕರ, ರಾಮಾನುಜ, ಮಧ್ವ, ಕಬೀರ, ನಾನಕ ಮೊದಲಾದವರ ಚರಿತ್ರೆ. ಎರಡನೆಯ ವರ್ಷ ಜಗತ್ತಿನ ಮತಗ್ರಂಥಗಳಿಂದ ಆಯ್ದ ಭಾಗಗಳು. ಮೂರನೆಯ ವರ್ಷ ಧರ್ಮದ ತತ್ತ್ವವಿಚಾರ. ಈ ಸಲಹೆಯು ಕಾಲೇಜುಗಳಲ್ಲಿ ವ್ಯಾಪಕವಾಗಿ ಕಾರ್ಯರೂಪಕ್ಕೆ ಬರಲಿಲ್ಲ.

ಸಂವಿಧಾನದ 28ನೆಯ ಅನುಚ್ಛೇದವು ಇದಕ್ಕೆ ಅಡ್ಡಿಯೆಂದು ಹೇಳುವವರುಂಟು. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳಲ್ಲಿ ಅದು ನಿಷೇಧಿಸುವುದು ಧರ್ಮೋಪದೇಶವನ್ನು, ಧರ್ಮಾಧ್ಯಯನವನ್ನಲ್ಲ. ಕೊಠಾರಿ ಆಯೋಗವು (1964-66) ಈ ಭೇದವನ್ನು ಎತ್ತಿ ಹೇಳಿತು. ಗುರು ನಾನಕರ ಜೀವನ ಮತ್ತು ಉಪದೇಶಗಳ ಶಾಸ್ತ್ರೀಯ ಅಧ್ಯಯನವು ಧರ್ಮೋಪದೇಶವಾಗದೆಂದು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ತೀರ್ಪಿತ್ತಿತು. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿಯೂ ಮತಗಳ ಕುರಿತ ಶಿಕ್ಷಣಕ್ಕೆ ನಿಷೇಧವಿಲ್ಲವೆಂದಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1963ರಲ್ಲಿಯೇ ಸರ್ಕಾರಿ ಶಾಲೆಗಳಲ್ಲಿ ಬೈಬಲಿನ ಭಕ್ತಿಪಠನವನ್ನು ತಡೆದು, ಸಾಹಿತ್ಯ ಮತ್ತು ಇತಿಹಾಸದ ದೃಷ್ಟಿಯಿಂದ ಅದನ್ನು ಓದಲು ಅಡ್ಡಿಯಿಲ್ಲವೆಂದಿತ್ತು. 1967ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿಯೂ ನಮ್ಮ ಪಟಿಯಾಲದ ಪಂಜಾಬಿ ವಿಶ್ವವಿದ್ಯಾನಿಲಯದಲ್ಲಿಯೂ ಧರ್ಮಾಧ್ಯಯನ ವಿಭಾಗಗಳು ಆರಂಭವಾದವು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇರಲಿಲ್ಲವೆಂದಲ್ಲ. 1957ರಲ್ಲಿ ಪಿ. ಡಿ. ದೇವನಂದನ್ ಅವರ ನಿರ್ದೇಶಕತ್ವದಲ್ಲಿ ಧರ್ಮ ಮತ್ತು ಸಮಾಜಗಳ ಅಧ್ಯಯನಕ್ಕಾಗಿ ಕ್ರೈಸ್ತ ಸಂಸ್ಥೆಯೊಂದು ಇಲ್ಲಿ ಪ್ರಾರಂಭವಾಯಿತು. ಧರ್ಮಾರಾಮ್ ಕಾಲೇಜಿನಿಂದ 1975ರಲ್ಲಿ ಜರ್ನಲ್ ಆಫ್ ಧರ್ಮ ಎಂಬ ಪತ್ರಿಕೆ ಹೊರಟಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯವು 1973ರಲ್ಲಿ ಕೆಂಗೇರಿಯ ಸಮೀಪದ ಜ್ಞಾನಭಾರತಿಯಲ್ಲಿ ನೆಲೆಗೊಂಡಿತು. ನಗರದ ಪೂರ್ವ ಮತ್ತು ದಕ್ಷಿಣ ಭಾಗಗಳ ಗುರುಕುಲಗಳಲ್ಲಿ ಸಂಗ್ರಹವಾದ ವಿದ್ವತ್ತು ಪಶ್ಚಿಮದ ಪದವಿ ತರಗತಿಗಳಿಗೆ ಹರಿದುಬರುವ ಕಾಲುವೆಯು ಮಾತ್ರ ನಿರ್ಮಾಣವಾಗಲಿಲ್ಲ.

ಇದರ ನಷ್ಟವು ಕನ್ನಡದ ತರಗತಿಯಲ್ಲಿಯೇ ಗೋಚರವಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ಗೊಲ್ಗೊಥಾದಲ್ಲಿ ಯೇಸುವಿನ ಕಡೆಯ ದಿನವನ್ನೂ ವೈಶಾಖಿಯಲ್ಲಿ ಬುದ್ಧನ ಕಡೆಯ ದಿನವನ್ನೂ ಚಿತ್ರಿಸಿದ್ದಾರೆ. ಸುವಾರ್ತೆಗಳನ್ನು ಕಾಣದ ವಿದ್ಯಾರ್ಥಿಗೆ ಮೊದಲನೆಯ ಕಾವ್ಯವೂ, ಬೌದ್ಧಾಗಮದ ಪರಿಚಯವಿಲ್ಲದವನಿಗೆ ಎರಡನೆಯದೂ ಅರ್ಧ ಮಾತ್ರ ದಕ್ಕುತ್ತವೆ. ಕನ್ನಡ ಬೈಬಲಿನ ಪದಗಳೇ ತೌಲನಿಕ ಅಧ್ಯಯನಕ್ಕೆ ಒಳ್ಳೆಯ ವಸ್ತು. ಬ್ಯಾಪ್ಟಿಸಮ್ಮಿಗೆ ಅದು ಬಳಸುವ ಮಾತು ‘ದೀಕ್ಷಾಸ್ನಾನ’. ದೀಕ್ಷೆಯೆಂಬುದು ವೈದಿಕ ಯಜ್ಞದಲ್ಲಿ ಒಂದರ್ಥವನ್ನೂ ಜೈನ ಯತಿಧರ್ಮದಲ್ಲಿ ಮತ್ತೊಂದನ್ನೂ ವೀರಶೈವದಲ್ಲಿ ಇನ್ನೊಂದನ್ನೂ ಹೊತ್ತ ಪದ. ಒಂದು ಮತವು ಮತ್ತೊಂದರ ನುಡಿಯಲ್ಲಿ ತನ್ನನ್ನು ಹೇಳಿಕೊಳ್ಳುವಾಗ ಏನನ್ನು ಪಡೆಯುತ್ತದೆ, ಏನನ್ನು ಕಳೆದುಕೊಳ್ಳುತ್ತದೆ? ಈ ಪ್ರಶ್ನೆಯನ್ನು ಕೇಳಲು ಯಾರೂ ತಮ್ಮ ಮತವನ್ನು ಬಿಡಬೇಕಾಗಿಲ್ಲ. ಪರರ ಮತವನ್ನು ಸ್ವೀಕರಿಸಬೇಕಾಗಿಯೂ ಇಲ್ಲ.

ಆಕ್ಷೇಪಣೆಗಳಿಲ್ಲದೆ ಇಲ್ಲ. ಅಧ್ಯಾಪಕನ ಪಕ್ಷಪಾತವು ಪಾಠದಲ್ಲಿ ನುಸುಳಬಹುದು. ಪದವೀಧರನಿಗೆ ಉದ್ಯೋಗವೆಲ್ಲಿ ಎಂದು ಪೋಷಕರು ಕೇಳಬಹುದು. ಪಕ್ಷಪಾತದ ಭಯ ಇತಿಹಾಸದ ಪಾಠಕ್ಕೂ ಉಂಟು. ಅಲ್ಲಿ ನಾವು ಪಾಠವನ್ನು ನಿಲ್ಲಿಸಲಿಲ್ಲ, ಆಧಾರಗಳನ್ನು ಪರೀಕ್ಷಿಸುವ ವಿಧಾನವನ್ನು ಕಲಿಸಿದೆವು. ಉದ್ಯೋಗದ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಆದ್ದರಿಂದ ಧರ್ಮಾಧ್ಯಯನವನ್ನು ಇತಿಹಾಸ ಅಥವಾ ಕನ್ನಡದೊಡನೆ ಜೋಡಿಸಿ ಆರಂಭಿಸುವುದು ವಿವೇಕ. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷಗಳ ಪದವಿ ವ್ಯವಸ್ಥೆಯು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಚೌಕಟ್ಟು ಹೀಗೆ ಎರಡು ಬಾರಿ ಬದಲಾದರೂ ಅದರೊಳಗೆ ಈ ವಿಷಯಕ್ಕೆ ಸ್ಥಳವೆಲ್ಲಿ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ನೆರೆಯವನ ಮತವನ್ನು ಗಾಳಿಮಾತಿನಿಂದ ತಿಳಿಯುವುದಕ್ಕಿಂತ ಗ್ರಂಥದಿಂದ ತಿಳಿಯುವುದು ಮೇಲೆಂದು ಒಪ್ಪುವುದಾದರೆ, ಅದಕ್ಕೆ ತಕ್ಕ ಸ್ಥಳ ಪದವಿ ತರಗತಿಯೇ ಸರಿ.