ಪರಮಾಣು ಕಾಂತಮಾಪಕಗಳಲ್ಲಿ ದಿಕ್ಕಿನ ದೋಷ

ದಿಕ್ಕಿನ ದೋಷ ಎಂದರೆ ಕಾಂತಕ್ಷೇತ್ರದ ಪ್ರಮಾಣ ಬದಲಾಗದಿದ್ದರೂ, ಅದನ್ನು ಅಳೆಯುವ ಉಪಕರಣ ತಿರುಗಿದ ಮಾತ್ರಕ್ಕೆ ಅಳತೆಯಲ್ಲಿ ಕಾಣಿಸಿಕೊಳ್ಳುವ ವ್ಯತ್ಯಾಸ. ಇದನ್ನು ಹೆಡಿಂಗ್ ಎರರ್ ಎಂದೂ ಕರೆಯುತ್ತಾರೆ. ಆಪ್ಟಿಕಲ್ ಪಂಪಿಂಗ್ ವಿಧಾನದಿಂದ ಕೆಲಸ ಮಾಡುವ ಪರಮಾಣು ಕಾಂತಮಾಪಕಗಳು ಕ್ಷೇತ್ರದ ದಿಕ್ಕನ್ನಲ್ಲ, ಒಟ್ಟು ಪ್ರಮಾಣವನ್ನು ಮಾತ್ರ ಅಳೆಯುತ್ತವೆ. ಆದ್ದರಿಂದ ತಾತ್ತ್ವಿಕವಾಗಿ ಅವುಗಳನ್ನು ಯಾವ ಕಡೆಗೆ ತಿರುಗಿಸಿದರೂ ಒಂದೇ ಫಲಿತಾಂಶ ಬರಬೇಕು. ವಾಸ್ತವದಲ್ಲಿ ಹಾಗಾಗುವುದಿಲ್ಲ. ಈ ದೋಷವು ಯಾದೃಚ್ಛಿಕವಲ್ಲದ ಕಾರಣ, ಒಂದೇ ಭಂಗಿಯಲ್ಲಿ ಎಷ್ಟು ಬಾರಿ ಅಳೆದು ಸರಾಸರಿ ತೆಗೆದರೂ ಕಡಿಮೆಯಾಗುವುದಿಲ್ಲ.

ಕಾರ್ಯತತ್ತ್ವ

ಆಪ್ಟಿಕಲ್ ಪಂಪಿಂಗ್ ವಿಧಾನವನ್ನು ರೂಪಿಸಿದ ಫ್ರಾನ್ಸಿನ ಭೌತವಿಜ್ಞಾನಿ ಆಲ್ಫ್ರೆಡ್ ಕಾಸ್ಟ್ಲರ್ ಅವರಿಗೆ 1966ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಕ್ಷಾರಲೋಹಗಳ ಆವಿಯಲ್ಲಿ ಕಾಂತೀಯ ಅನುರಣನವನ್ನು ಬೆಳಕಿನ ಮೂಲಕ ಗುರುತಿಸುವ ಪ್ರಯೋಗವನ್ನು ಬೆಲ್ ಮತ್ತು ಬ್ಲೂಮ್ 1957ರಲ್ಲಿ ಪ್ರಕಟಿಸಿದರು.

ಈ ಉಪಕರಣದ ಸಂವೇದಕದಲ್ಲಿ ಸೀಸಿಯಂ, ರುಬಿಡಿಯಂ ಅಥವಾ ಪೊಟ್ಯಾಸಿಯಂ ಆವಿ ತುಂಬಿದ ಗಾಜಿನ ಕೋಶವಿರುತ್ತದೆ. ವೃತ್ತೀಯವಾಗಿ ಧ್ರುವೀಕರಿಸಿದ ಬೆಳಕನ್ನು ಹಾಯಿಸಿದಾಗ ಪರಮಾಣುಗಳ ಕಾಂತೀಯ ಅಕ್ಷಗಳು ಒಂದು ದಿಕ್ಕಿಗೆ ವಾಲುತ್ತವೆ. ಬಳಿಕ ಅವು ಓರೆಯಾಗಿ ತಿರುಗುವ ಬುಗುರಿಯ ಅಕ್ಷದಂತೆ ಹೊರಗಿನ ಕಾಂತಕ್ಷೇತ್ರದ ಸುತ್ತ ಸುತ್ತುತ್ತವೆ. ಹೀಗೆ ಸುತ್ತುವ ದರವೇ ಲಾರ್ಮರ್ ಆವರ್ತಾಂಕ. ಸೀಸಿಯಂನಲ್ಲಿ ಇದು ಪ್ರತಿ ನ್ಯಾನೊಟೆಸ್ಲಾಗೆ ಸುಮಾರು 3.5 ಹರ್ಟ್ಸ್. ಅಂದರೆ 50,000 ನ್ಯಾನೊಟೆಸ್ಲಾ ಕ್ಷೇತ್ರದಲ್ಲಿ ಸುಮಾರು 175 ಕಿಲೋಹರ್ಟ್ಸ್. ಈ ಆವರ್ತಾಂಕವನ್ನು ಅಳೆದು ಕ್ಷೇತ್ರದ ಪ್ರಮಾಣವನ್ನು ತಿಳಿಯಲಾಗುತ್ತದೆ.

ಕಾರಣಗಳು

ಅರೇಖೀಯ ಝೀಮನ್ ಪರಿಣಾಮ: ದಿಕ್ಕಿನ ದೋಷಕ್ಕೆ ಇದು ಪ್ರಮುಖ ಕಾರಣ. ಕಾಂತಕ್ಷೇತ್ರದಲ್ಲಿ ಪರಮಾಣುವಿನ ಶಕ್ತಿಮಟ್ಟವು ಹಲವು ಉಪಮಟ್ಟಗಳಾಗಿ ಒಡೆಯುತ್ತದೆ. ಸೀಸಿಯಂನಲ್ಲಿ ಅಳತೆಗೆ ಬಳಸುವ ಮಟ್ಟಕ್ಕೆ ಒಂಬತ್ತು ಉಪಮಟ್ಟಗಳಿದ್ದು, ಅವುಗಳ ನಡುವೆ ಎಂಟು ಅನುರಣನ ರೇಖೆಗಳು ಉಂಟಾಗುತ್ತವೆ. ದುರ್ಬಲ ಕ್ಷೇತ್ರದಲ್ಲಿ ಇವೆಲ್ಲವೂ ಬಹುತೇಕ ಒಂದೇ ಆವರ್ತಾಂಕದಲ್ಲಿರುತ್ತವೆ. ಭೂಮಿಯ ಕಾಂತಕ್ಷೇತ್ರದಲ್ಲಿ ಅವು ಬೇರ್ಪಡುತ್ತವೆ. 50,000 ನ್ಯಾನೊಟೆಸ್ಲಾದಲ್ಲಿ ಪಕ್ಕಪಕ್ಕದ ರೇಖೆಗಳ ಅಂತರ ಸುಮಾರು 6.7 ಹರ್ಟ್ಸ್, ಇದು 1.9 ನ್ಯಾನೊಟೆಸ್ಲಾಗೆ ಸಮ. ಮೊದಲ ಮತ್ತು ಕೊನೆಯ ರೇಖೆಗಳ ನಡುವಿನ ಅಂತರ ಸುಮಾರು 13 ನ್ಯಾನೊಟೆಸ್ಲಾಗೆ ಸಮ. ಕ್ಷೇತ್ರವು ಇಮ್ಮಡಿಯಾದರೆ ಈ ಅಂತರ ನಾಲ್ಕು ಪಟ್ಟಾಗುತ್ತದೆ.

ರೇಖೆಗಳ ಅಗಲ ಈ ಅಂತರಕ್ಕಿಂತ ಹೆಚ್ಚಾದ್ದರಿಂದ ಅವು ಒಂದರ ಮೇಲೊಂದು ಬಿದ್ದು ಒಂದೇ ಅಗಲವಾದ ಶಿಖರದಂತೆ ಕಾಣುತ್ತವೆ. ಯಾವ ಉಪಮಟ್ಟದಲ್ಲಿ ಎಷ್ಟು ಪರಮಾಣುಗಳಿವೆ ಎಂಬುದು ಬೆಳಕಿನ ಕಿರಣ ಮತ್ತು ಕ್ಷೇತ್ರದ ನಡುವಿನ ಕೋನವನ್ನು ಅವಲಂಬಿಸಿದೆ. ಸಂವೇದಕ ತಿರುಗಿದಾಗ ಈ ಹಂಚಿಕೆ ಬದಲಾಗಿ, ಒಟ್ಟು ಶಿಖರ ಒಂದು ಬದಿಗೆ ಸರಿಯುತ್ತದೆ. ಉಪಕರಣವು ಈ ಸರಿತವನ್ನೇ ಕ್ಷೇತ್ರದ ಬದಲಾವಣೆ ಎಂದು ದಾಖಲಿಸುತ್ತದೆ.

ಬೆಳಕಿನಿಂದಾಗುವ ಸರಿತ: ಧ್ರುವೀಕೃತ ಬೆಳಕು ಪರಮಾಣುವಿನ ಶಕ್ತಿಮಟ್ಟಗಳನ್ನು ತುಸು ಸರಿಸುತ್ತದೆ. ಇದರ ಪರಿಣಾಮವು ಕಿರಣದ ದಿಕ್ಕಿನಲ್ಲಿ ಒಂದು ಸಣ್ಣ ಕಾಲ್ಪನಿಕ ಕಾಂತಕ್ಷೇತ್ರವನ್ನು ಸೇರಿಸಿದಂತಿರುತ್ತದೆ. ಆ ಕ್ಷೇತ್ರವು ಒಂದು ಭಂಗಿಯಲ್ಲಿ ನಿಜವಾದ ಕ್ಷೇತ್ರಕ್ಕೆ ಕೂಡಿಕೊಳ್ಳುತ್ತದೆ, ವಿರುದ್ಧ ಭಂಗಿಯಲ್ಲಿ ಕಳೆದುಹೋಗುತ್ತದೆ.

ಇತರ ಕಾರಣಗಳು: ಸಂವೇದಕದ ತಿರುಪು, ತಂತಿ ಮೊದಲಾದ ಭಾಗಗಳಲ್ಲಿರುವ ಅತ್ಯಲ್ಪ ಕಾಂತೀಯ ಕಲ್ಮಶ ಹಾಗೂ ವಿದ್ಯುನ್ಮಾನ ಮಂಡಲದ ಹಂತದೋಷಗಳೂ ಇದಕ್ಕೆ ಸೇರುತ್ತವೆ.

ದಿಕ್ಕಿನ ದೋಷವು ಮೃತವಲಯಕ್ಕಿಂತ ಭಿನ್ನ. ಕೆಲವು ಕೋನಗಳಲ್ಲಿ ಸಂಕೇತವೇ ಕ್ಷೀಣಿಸಿ ಅಳತೆ ನಿಂತುಹೋಗುವುದು ಮೃತವಲಯ. ದಿಕ್ಕಿನ ದೋಷದಲ್ಲಿ ಸಂಕೇತ ಸ್ಪಷ್ಟವಾಗಿಯೇ ಇರುತ್ತದೆ. ಅಂಕಿ ಮಾತ್ರ ತಪ್ಪಾಗಿರುತ್ತದೆ.

ಸಮೀಕ್ಷೆಗಳ ಮೇಲಿನ ಪರಿಣಾಮ

ವಿಮಾನದ ಮೂಲಕ ನಡೆಸುವ ಕಾಂತೀಯ ಸಮೀಕ್ಷೆಯಲ್ಲಿ ಅಕ್ಕಪಕ್ಕದ ಹಾರಾಟ ಪಥಗಳನ್ನು ಸಾಮಾನ್ಯವಾಗಿ ವಿರುದ್ಧ ದಿಕ್ಕುಗಳಲ್ಲಿ ಕ್ರಮಿಸಲಾಗುತ್ತದೆ. ಹೋಗುವಾಗಿನ ಅಳತೆ ಬರುವಾಗಿನ ಅಳತೆಗಿಂತ 1 ನ್ಯಾನೊಟೆಸ್ಲಾದಷ್ಟು ಹೆಚ್ಚಾದರೂ, ನಕ್ಷೆಯಲ್ಲಿ ಪಥಗಳಿಗೆ ಸಮಾಂತರವಾದ ಸುಳ್ಳು ಪಟ್ಟೆಗಳು ಮೂಡುತ್ತವೆ. ಖನಿಜ ನಿಕ್ಷೇಪ, ಶಿಲಾಭ್ರಂಶ ಅಥವಾ ನೆಲದಲ್ಲಿ ಹುದುಗಿದ ಸಿಡಿಯದ ಮದ್ದುಗುಂಡುಗಳ ಕ್ಷೀಣ ಸುಳಿವು ಈ ಪಟ್ಟೆಗಳಲ್ಲಿ ಮರೆಯಾಗಬಹುದು.

ಈ ಪರಿಣಾಮ ಎಲ್ಲೆಡೆಯೂ ಒಂದೇ ರೀತಿ ಇರುವುದಿಲ್ಲ. ಕಾಂತಧ್ರುವಗಳ ಬಳಿ ಕ್ಷೇತ್ರವು ಬಹುತೇಕ ಲಂಬವಾಗಿರುವುದರಿಂದ ವಿಮಾನ ಯಾವ ಕಡೆ ತಿರುಗಿದರೂ ಸಂವೇದಕ ಮತ್ತು ಕ್ಷೇತ್ರದ ನಡುವಿನ ಕೋನ ಹೆಚ್ಚು ಬದಲಾಗುವುದಿಲ್ಲ. ಕಾಂತೀಯ ಸಮಭಾಜಕಕ್ಕೆ ಸಮೀಪವಿರುವ ದಕ್ಷಿಣ ಭಾರತದಲ್ಲಿ ಕ್ಷೇತ್ರವು ಹೆಚ್ಚುಕಡಿಮೆ ನೆಲಕ್ಕೆ ಸಮಾಂತರವಾಗಿದೆ. ಇಲ್ಲಿ ವಿಮಾನದ ಪ್ರತಿ ತಿರುವೂ ಆ ಕೋನವನ್ನು ಗಣನೀಯವಾಗಿ ಬದಲಿಸಬಲ್ಲದು.

ನಿವಾರಣೋಪಾಯಗಳು

ಬೆಳಕಿನ ಧ್ರುವೀಕರಣವನ್ನು ಎಡದಿಂದ ಬಲಕ್ಕೆ ಬದಲಿಸಿದರೆ ಮೊದಲ ಎರಡು ಕಾರಣಗಳಿಂದಾಗುವ ಸರಿತದ ಚಿಹ್ನೆಯೂ ತಲೆಕೆಳಗಾಗುತ್ತದೆ. ಆದ್ದರಿಂದ ಎರಡು ಬಗೆಯ ಬೆಳಕನ್ನೂ ಬಳಸಿ ಸರಾಸರಿ ತೆಗೆದರೆ ದೋಷದ ಬಹುಭಾಗ ರದ್ದಾಗುತ್ತದೆ.

ಪೊಟ್ಯಾಸಿಯಂನಲ್ಲಿ ರೇಖೆಗಳ ನಡುವಿನ ಅಂತರವೇ ಹೆಚ್ಚು. 50,000 ನ್ಯಾನೊಟೆಸ್ಲಾದಲ್ಲಿ ಅದು ಸುಮಾರು 530 ಹರ್ಟ್ಸ್. ರೇಖೆಗಳು ಒಂದರೊಡನೊಂದು ಬೆರೆಯದ ಕಾರಣ ಒಂದನ್ನು ಮಾತ್ರ ಆಯ್ದು ಅಳೆಯಬಹುದು. ಹೀಲಿಯಂ-4ರ ನ್ಯೂಕ್ಲಿಯಸ್‌ಗೆ ಸ್ಪಿನ್ ಇಲ್ಲದಿರುವುದರಿಂದ ಕ್ಷಾರಲೋಹಗಳಲ್ಲಿ ಕಾಣುವ ಈ ಬಗೆಯ ಅರೇಖೀಯತೆ ಅದರಲ್ಲಿ ಇಲ್ಲ.

ವಿಮಾನದ ಸ್ವಂತ ಕಾಂತತ್ವವೂ ದಿಕ್ಕಿಗನುಗುಣವಾಗಿ ಅಳತೆಯನ್ನು ಕೆಡಿಸುತ್ತದೆ. ಅದನ್ನು ಕಳೆಯಲು ಟೋಲ್ಸ್ ಮತ್ತು ಲಾಸನ್ ರೂಪಿಸಿದ ಗಣಿತ ಮಾದರಿ ಬಳಕೆಯಲ್ಲಿದೆ. ಇದಕ್ಕಾಗಿ ಎತ್ತರದಲ್ಲಿ ನಾಲ್ಕು ದಿಕ್ಕುಗಳಿಗೆ ಹಾರುತ್ತಾ ವಿಮಾನವನ್ನು ಅಕ್ಕಪಕ್ಕಕ್ಕೆ ವಾಲಿಸಿ, ಮೂತಿಯನ್ನು ಮೇಲೆ ಕೆಳಗೆ ಹಾಗೂ ಎಡಬಲಕ್ಕೆ ಆಡಿಸಿ ಮಾದರಿಯ ಗುಣಾಂಕಗಳನ್ನು ಪಡೆಯಲಾಗುತ್ತದೆ. ಸಂವೇದಕದ ದೋಷವನ್ನಷ್ಟೇ ತಿಳಿಯಬೇಕಾದರೆ, ಲೋಹವಸ್ತುಗಳಿಲ್ಲದ ಬಯಲಿನಲ್ಲಿ ಅದನ್ನು ಒಂದೇ ಬಿಂದುವಿನ ಸುತ್ತ ತಿರುಗಿಸಿ, ಸಮೀಪದಲ್ಲಿ ಸ್ಥಿರವಾಗಿಟ್ಟ ಮತ್ತೊಂದು ಕಾಂತಮಾಪಕದೊಡನೆ ಹೋಲಿಸಬೇಕು. ಇದರಿಂದ ಭೂಕ್ಷೇತ್ರದ ದೈನಂದಿನ ಏರಿಳಿತವನ್ನು ಪ್ರತ್ಯೇಕಿಸಬಹುದು.

ಬಾಹ್ಯಾಕಾಶದಲ್ಲಿ

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯು 2013ರ ನವೆಂಬರ್ 22ರಂದು ಉಡಾಯಿಸಿದ ಸ್ವಾರ್ಮ್ ಯೋಜನೆಯ ಮೂರು ಉಪಗ್ರಹಗಳಲ್ಲಿ ಹೀಲಿಯಂ-4 ಕಾಂತಮಾಪಕಗಳಿವೆ. ಇವುಗಳಲ್ಲಿ ರೇಖೀಯವಾಗಿ ಧ್ರುವೀಕರಿಸಿದ ಬೆಳಕನ್ನು ಬಳಸಲಾಗಿದೆ. ಒಂದು ಪೀಜೋವಿದ್ಯುತ್ ಮೋಟಾರು ಧ್ರುವೀಕರಣದ ದಿಕ್ಕನ್ನು ಸದಾ ಭೂಕ್ಷೇತ್ರಕ್ಕೆ ಲಂಬವಾಗಿರುವಂತೆ ತಿರುಗಿಸುತ್ತದೆ. ಹೀಗಾಗಿ ಉಪಗ್ರಹದ ಭಂಗಿ ಬದಲಾದರೂ ಪರಮಾಣುಗಳ ಪಾಲಿಗೆ ಬೆಳಕು ಮತ್ತು ಕ್ಷೇತ್ರದ ನಡುವಿನ ಸಂಬಂಧ ಒಂದೇ ಆಗಿ ಉಳಿಯುತ್ತದೆ.