ಮುಂಗಾಜಿನ ಮೇಲಿನ ಹನಿ: ಮಳೆಯನ್ನು ಅರಿಯುವ ವೈಪರಿನ ಚರಿತ್ರೆ

ವಾಹನದ ಮುಂಗಾಜಿನ ಮೇಲೆ ನಿಂತ ಪ್ರತಿ ಮಳೆಹನಿಯೂ ಒಂದು ಪುಟ್ಟ ಮಸೂರ. ಎದುರಿನ ರಸ್ತೆಯಿಂದ ಬರುವ ಬೆಳಕನ್ನು ಅದು ತನ್ನಿಷ್ಟದಂತೆ ಬಾಗಿಸುತ್ತದೆ. ನೂರಾರು ಹನಿಗಳು ಸೇರಿದಾಗ ರಸ್ತೆ ಚೂರುಚೂರಾಗಿ ಕಾಣುತ್ತದೆ. ಈ ನೀರನ್ನು ಒರೆಸಿ ತೆಗೆಯುವ ಉಪಕರಣ ವೈಪರ್. ಯಾವಾಗ ಒರೆಸಬೇಕು, ಎಷ್ಟು ಬೇಗ ಒರೆಸಬೇಕು ಎಂಬುದನ್ನು ಚಾಲಕನ ಕೈ ಸೋಕದೆ ತಾನೇ ತೀರ್ಮಾನಿಸುವ ವೈಪರನ್ನು ಸ್ವಯಂಚಾಲಿತ ವೈಪರ್ ಎನ್ನುತ್ತಾರೆ. ಒರೆಸುವ ಕೆಲಸಕ್ಕೆ ಯಂತ್ರದ ಪರಿಹಾರ ಇಪ್ಪತ್ತನೆಯ ಶತಮಾನದ ಮೊದಲ ಕಾಲು ಭಾಗದಲ್ಲೇ ಸಿಕ್ಕಿತು. ತೀರ್ಮಾನಿಸುವ ಕೆಲಸಕ್ಕೆ ಆ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಈ ಅಂತರಕ್ಕೆ ಎಲೆಕ್ಟ್ರಾನಿಕ್ಸ್ ಬೆಳೆದಿರಲಿಲ್ಲ ಎಂಬುದೊಂದೇ ಕಾರಣವಲ್ಲ. ಅಳೆಯಬೇಕಾದದ್ದು ಏನನ್ನು ಎಂಬ ಪ್ರಶ್ನೆಯೇ ಬಹುಕಾಲ ಇತ್ಯರ್ಥವಾಗಿರಲಿಲ್ಲ.

ವೈಪರಿನ ಮೊದಲ ಪರಿಣಾಮಕಾರಿ ವಿನ್ಯಾಸಗಳಲ್ಲಿ ಒಂದು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಮೇರಿ ಆಂಡರ್ಸನ್ ಅವರದು. ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಹಿಮ ಬೆರೆತ ಮಳೆಯಲ್ಲಿ ದಾರಿ ಕಾಣದೆ ಟ್ರಾಮಿನ ಚಾಲಕ ಮುಂದಿನ ಕಿಟಕಿಯನ್ನೇ ತೆರೆದುಕೊಂಡು ಓಡಿಸುತ್ತಿದ್ದುದನ್ನು ಅವರು ಕಂಡರು. 1903ರ ನವೆಂಬರಿನಲ್ಲಿ ಅವರಿಗೆ ದೊರೆತ ಪೇಟೆಂಟಿನಲ್ಲಿ ಹೊರಗೆ ರಬ್ಬರಿನ ಪಟ್ಟಿ ಹೊತ್ತ ತೋಳು, ಒಳಗೆ ಅದನ್ನು ತಿರುಗಿಸುವ ಹಿಡಿಕೆ, ಪಟ್ಟಿ ಗಾಜಿಗೆ ಒತ್ತಿಕೊಂಡಿರಲು ಒಂದು ಪ್ರತಿಭಾರ ಇದ್ದವು. 1905ರಲ್ಲಿ ಕೆನಡಾದ ಸಂಸ್ಥೆಯೊಂದು ಇದಕ್ಕೆ ವ್ಯಾಪಾರದ ಬೆಲೆಯಿಲ್ಲವೆಂದು ಅವರ ಪ್ರಸ್ತಾಪವನ್ನು ತಳ್ಳಿಹಾಕಿತು. ಕ್ಯಾಡಿಲಾಕ್ ತನ್ನ ಕಾರುಗಳಿಗೆಲ್ಲ ವೈಪರನ್ನು ಕಡ್ಡಾಯವಾಗಿ ಜೋಡಿಸಲು ತೊಡಗಿದ್ದು 1922ರಲ್ಲಿ. ಅಷ್ಟರಲ್ಲಿ ಆಂಡರ್ಸನ್ ಅವರ ಪೇಟೆಂಟಿನ ಅವಧಿ ಮುಗಿದುಹೋಗಿತ್ತು, ಅದರಿಂದ ಅವರಿಗೆ ಹಣ ಬರಲಿಲ್ಲ. ಅವರ ಹೆಸರನ್ನು ಇಲ್ಲಿ ನೆನೆಯುವುದು ಬರಿಯ ಸೌಜನ್ಯಕ್ಕಲ್ಲ. ಚಾಲಕ ತನ್ನ ಜಾಗ ಬಿಟ್ಟು ಏಳದೆ ಗಾಜು ಶುಭ್ರವಾಗಬೇಕೆಂಬ ಬೇಡಿಕೆಯನ್ನು ಮುಂದಿಟ್ಟದ್ದು ಅವರ ವಿನ್ಯಾಸ. ಮುಂದಿನ ಸ್ವಯಂಚಾಲನೆಯೆಲ್ಲ ಅದೇ ಬೇಡಿಕೆಯ ವಿಸ್ತರಣೆ.

ಕೈಯಿಂದ ತಿರುಗಿಸುವ ವೈಪರಿನ ಬದಲಿಗೆ 1920ರ ದಶಕದಲ್ಲಿ ಎಂಜಿನ್ನಿನ ನಿರ್ವಾತದಿಂದ ನಡೆಯುವ ವೈಪರ್ ಬಂತು. ಎಂಜಿನ್ ಗಾಳಿಯನ್ನು ಹೀರಿಕೊಳ್ಳುವಾಗ ಅದರ ಒಳನಾಳದಲ್ಲಿ ಉಂಟಾಗುವ ನಿರ್ವಾತವೇ ವೈಪರನ್ನು ಎಳೆಯುತ್ತಿತ್ತು. ಬೇರೆ ಮೋಟಾರು ಬೇಡ, ಬ್ಯಾಟರಿಯ ಹೊರೆಯಿಲ್ಲ. ದೋಷವೂ ಅಲ್ಲಿಯೇ ಇತ್ತು. ಚಾಲಕ ಆಕ್ಸಿಲರೇಟರನ್ನು ಒತ್ತಿದೊಡನೆ ನಿರ್ವಾತ ಕುಗ್ಗಿ ವೈಪರ್ ನಿಧಾನಿಸುತ್ತಿತ್ತು. ಭಾರ ಹೊತ್ತು ದಿಬ್ಬ ಏರುವಾಗ, ಮುಂದಿನ ವಾಹನವನ್ನು ಹಿಂದಿಕ್ಕುವಾಗ ಅದು ನಿಂತೇಬಿಡುತ್ತಿತ್ತು. ವಾಹನ ವೇಗವಾದಷ್ಟೂ ಗಾಜಿಗೆ ಬಡಿಯುವ ನೀರು ಹೆಚ್ಚು, ಒರೆಸುವುದು ಕಡಿಮೆ! ಹೀಗೆ ವೈಪರಿನ ವೇಗವನ್ನು ಮಳೆಗೆ ಸಂಬಂಧವೇ ಇಲ್ಲದ ಅಂಶವೊಂದು ನಿರ್ಧರಿಸುತ್ತಿತ್ತು. ಜರ್ಮನಿಯಲ್ಲಿ ಬಾಷ್ ಸಂಸ್ಥೆ 1926ರಲ್ಲೇ ವಿದ್ಯುತ್ ಮೋಟಾರಿನ ವೈಪರನ್ನು ಮಾರುಕಟ್ಟೆಗೆ ತಂದಿದ್ದರೂ ಅಮೆರಿಕದ ಕಾರುಗಳಲ್ಲಿ ನಿರ್ವಾತದ ವೈಪರ್ ದಶಕಗಳ ಕಾಲ ಉಳಿದುಕೊಂಡಿತು.

ವಿದ್ಯುತ್ ಮೋಟಾರು ವೈಪರಿಗೆ ಸ್ಥಿರವಾದ ವೇಗವನ್ನು ಕೊಟ್ಟಿತು. ಆದರೆ ತುಂತುರು ಮಳೆಗೆ ಸ್ಥಿರ ವೇಗವೇ ತೊಡಕು. ಒಂದು ಸಲ ಒರೆಸಿದ ಮೇಲೆ ಮತ್ತೆ ಹನಿ ಕೂಡಲು ಹಲವು ಸೆಕೆಂಡು ಬೇಕು; ಆ ನಡುವೆ ರಬ್ಬರ್ ಒಣಗಾಜನ್ನು ಉಜ್ಜುತ್ತದೆ, ಕಿರುಗುಟ್ಟುತ್ತದೆ, ಗಾಜಿನ ಮೇಲೆ ನೀರಿನ ಮಸುಕನ್ನು ಹರಡುತ್ತದೆ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ರಾಬರ್ಟ್ ಕರ್ನ್ಸ್ ಇದಕ್ಕೆ ಉತ್ತರ ಹುಡುಕಿದರು. 1953ರಲ್ಲಿ, ಮದುವೆಯ ರಾತ್ರಿ, ಶಾಂಪೇನ್ ಬಾಟಲಿಯ ಬಿರಡೆ ಸಿಡಿದು ಅವರ ಎಡಗಣ್ಣಿಗೆ ತೀವ್ರ ಪೆಟ್ಟಾಗಿತ್ತು. ಕಣ್ಣಿನ ರೆಪ್ಪೆ ಎಡೆಬಿಡದೆ ಮಿಟುಕುವುದಿಲ್ಲ, ಬೇಕಾದಾಗ ಮಾತ್ರ ಮಿಟುಕುತ್ತದೆ, ವೈಪರೂ ಹಾಗೇಕಿರಬಾರದು ಎಂಬುದು ಅವರ ಚಿಂತನೆ. ಟ್ರಾನ್ಸಿಸ್ಟರ್, ಕೆಪಾಸಿಟರ್, ರೆಸಿಸ್ಟರ್‌ಗಳ ಮಂಡಲವೊಂದು ಆ ಬಿಡುವಿನ ಕಾಲವನ್ನು ಎಣಿಸುತ್ತಿತ್ತು. 1964ರಲ್ಲಿ ಸಲ್ಲಿಸಿದ ಅರ್ಜಿಗೆ 1967ರಲ್ಲಿ ಪೇಟೆಂಟ್ ದೊರೆಯಿತು. ಬಿಟ್ಟುಬಿಟ್ಟು ಒರೆಸುವ ವೈಪರಿನ ಕಲ್ಪನೆ ಕರ್ನ್ಸ್ ಒಬ್ಬರದೇ ಆಗಿರಲಿಲ್ಲ. ಇಂಗ್ಲೆಂಡಿನ ಲೂಕಸ್ ಸಂಸ್ಥೆಯ ಎಂಜಿನಿಯರ್ ಜಾನ್ ಏಮೋಸ್ 1961ರಲ್ಲೇ ಇಂಥದೊಂದು ಪೇಟೆಂಟಿಗೆ ಅರ್ಜಿ ಹಾಕಿದ್ದರು. ಫೋರ್ಡ್ ಸಂಸ್ಥೆ ಬಿಡುವಿನ ವೈಪರನ್ನು 1969ರಲ್ಲಿ ತಂದಿತು. ತಮ್ಮ ಪೇಟೆಂಟನ್ನು ಉಲ್ಲಂಘಿಸಲಾಗಿದೆ ಎಂದು ಕರ್ನ್ಸ್ 1978ರಲ್ಲಿ ನ್ಯಾಯಾಲಯಕ್ಕೆ ಹೋದರು. ಬಿಡಿಭಾಗಗಳೆಲ್ಲ ಮೊದಲೇ ಇದ್ದವು, ಹೊಸದೇನಿದೆ ಎಂಬುದು ಎದುರು ಪಕ್ಷದ ವಾದ. ಅವುಗಳ ಜೋಡಣೆಯೇ ಹೊಸದು ಎಂಬುದು ಕರ್ನ್ಸ್ ವಾದ. 1990ರಲ್ಲಿ ತೀರ್ಪು ಕರ್ನ್ಸ್ ಪರವಾಗಿ ಬಂದು, ಫೋರ್ಡ್ 1.02 ಕೋಟಿ ಡಾಲರ್ ಕೊಡಲು ಒಪ್ಪಿತು.

ಕರ್ನ್ಸ್ ಕಥೆ ಜನಪ್ರಿಯವಾಗಿರುವುದು ಈ ವ್ಯಾಜ್ಯದಿಂದ. ಮಳೆ ಸಂವೇದನೆಯ ಚರಿತ್ರೆಯಲ್ಲಿ ಅದರ ಮಹತ್ವ ಬೇರೆಯದು. ವೈಪರ್ ಎಂದರೆ ಇನ್ನು ಬರಿಯ ಚಲನೆಯಲ್ಲ. ಚಲನೆಗಳ ನಡುವಿನ ಬಿಡುವೂ ಅದರ ಭಾಗ ಎಂದಾಯಿತು. ಆ ಬಿಡುವು ಎಷ್ಟಿರಬೇಕೆಂದು ಗುಂಡಿ ತಿರುಗಿಸಿ ಹೇಳುವವರು ಮಾತ್ರ ಇನ್ನೂ ಚಾಲಕರೇ. ಮಳೆ ಹೆಚ್ಚಾದಂತೆ, ಕಡಿಮೆಯಾದಂತೆ, ಲಾರಿಯ ಚಕ್ರ ಎರಚಿದ ಕೆಸರುನೀರು ಮುಖಕ್ಕೆ ಹೊಡೆದಂತೆ ಅವರ ಕೈ ಮತ್ತೆ ಮತ್ತೆ ಸ್ಟಿಯರಿಂಗಿನ ಪಕ್ಕದ ಕಡ್ಡಿಗೆ ಹೋಗುತ್ತಿತ್ತು.

ಕಾರಿನಲ್ಲಿ ಮಳೆಯ ಸೆನ್ಸರ್ ಮೊದಲು ಕಾಣಿಸಿಕೊಂಡದ್ದು ವೈಪರಿಗಾಗಿ ಅಲ್ಲ, ಚಾವಣಿಗಾಗಿ. 1951ರಲ್ಲಿ ಜನರಲ್ ಮೋಟಾರ್ಸ್ ಪ್ರದರ್ಶಿಸಿದ ‘ಲ ಸಾಬ್ರ್’ ಎಂಬ ಪ್ರಾಯೋಗಿಕ ಕಾರಿನಲ್ಲಿ, ಹನಿ ಬಿದ್ದೊಡನೆ ಮಡಿಸಿಟ್ಟ ಮೇಲ್ಛಾವಣಿ ತಾನೇ ಏರಿ ಮುಚ್ಚಿಕೊಳ್ಳುವ ವ್ಯವಸ್ಥೆಯಿತ್ತು. ನೀರಿಗೆ ಸ್ಪಂದಿಸುವ ಸ್ವಿಚ್ಚು ಅದರ ಆಧಾರ. ಇಂಥ ಸ್ವಿಚ್ಚಿನ ತತ್ತ್ವ ಸರಳ: ಬಯಲಿಗೆ ತೆರೆದಿಟ್ಟ ಎರಡು ಲೋಹದ ಗೆರೆಗಳ ನಡುವೆ ನೀರು ಬಿದ್ದರೆ ವಿದ್ಯುತ್ ಹರಿಯುತ್ತದೆ. ಮಳೆ ಬಂತೋ ಇಲ್ಲವೋ ಎಂಬ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಚಾವಣಿಗೆ ಸಾಕು. ವೈಪರಿಗೆ ಸಾಲದು. ಮೇಲಾಗಿ ಬಯಲಿನಲ್ಲಿರುವ ಲೋಹ ಸವೆಯುತ್ತದೆ, ಧೂಳು ಮತ್ತು ಉಪ್ಪು ಕೂತು ಅಳತೆ ಏರುಪೇರಾಗುತ್ತದೆ.

ವೈಪರಿಗೆ ಬೇಕಾದ ಅಳತೆ ಎಷ್ಟು ಜಟಿಲ ಎಂಬುದು ಮಳೆಯ ಸ್ವಭಾವವನ್ನು ನೋಡಿದರೆ ತಿಳಿಯುತ್ತದೆ. ಕನ್ನಡದಲ್ಲಿ ತುಂತುರು, ಸೋನೆ, ಜಡಿಮಳೆ, ಬಿರುಮಳೆ ಎಂದು ಬೇರೆಬೇರೆ ಹೆಸರಿರುವುದು ಸುಮ್ಮನೆ ಅಲ್ಲ. ತುಂತುರಿನ ಹನಿಯ ಅಡ್ಡಳತೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಬಿರುಮಳೆಯ ದೊಡ್ಡ ಹನಿ 5 ಮಿಲಿಮೀಟರಿನಷ್ಟಿರಬಹುದು. ಅಡ್ಡಳತೆ ಹತ್ತು ಪಟ್ಟಾದರೆ ತೂಕ ಸಾವಿರ ಪಟ್ಟು. ದೊಡ್ಡ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬೀಳುತ್ತದೆ. ಗಂಟೆಗೆ 72 ಕಿಲೋಮೀಟರ್ ಓಡುವ ಕಾರು ಸೆಕೆಂಡಿಗೆ 20 ಮೀಟರ್ ಮುಂದೆ ಹೋಗುತ್ತದೆ. ಎಂದರೆ ಹನಿ ಗಾಜಿಗೆ ಬಂದು ಬೀಳುವುದಕ್ಕಿಂತ ಗಾಜೇ ಹೋಗಿ ಹನಿಗೆ ಬಡಿಯುವುದು ಹೆಚ್ಚು. ಒಂದೇ ಮಳೆಯಲ್ಲಿ ನಿಂತ ಕಾರಿಗೂ ಓಡುವ ಕಾರಿಗೂ ಬೇಕಾದ ಒರೆಸುವಿಕೆ ಬೇರೆ. ಹೀಗಾಗಿ ಹವಾಮಾನ ಕೇಂದ್ರದ ಮಳೆಮಾಪಕ ಹೇಳುವ ಮಿಲಿಮೀಟರ್ ಲೆಕ್ಕ ವೈಪರಿಗೆ ಪ್ರಯೋಜನವಿಲ್ಲ. ಆಕಾಶದಿಂದ ಎಷ್ಟು ಸುರಿಯುತ್ತಿದೆ ಎಂಬುದಲ್ಲ, ಗಾಜಿನ ಮೇಲೆ ಎಷ್ಟು ಉಳಿದಿದೆ ಎಂಬುದೇ ಮುಖ್ಯ.

ಗಾಜನ್ನೇ ಕೇಳಿ ತಿಳಿಯುವ ಪ್ರಯತ್ನ ಫ್ರಾನ್ಸಿನ ಸಿಟ್ರೊಯೆನ್ ಎಸ್‌ಎಂ ಕಾರಿನಲ್ಲಿ ನಡೆಯಿತು. 1970ರಲ್ಲಿ ಬಂದ ಈ ಕಾರಿನಲ್ಲಿ ಮಳೆಗೆಂದು ಪ್ರತ್ಯೇಕ ಸೆನ್ಸರ್ ಇರಲಿಲ್ಲ. ಒದ್ದೆ ಗಾಜಿನ ಮೇಲೆ ರಬ್ಬರ್ ಸಲೀಸಾಗಿ ಜಾರುತ್ತದೆ, ಒಣಗಿದ ಗಾಜಿನ ಮೇಲೆ ತಡೆಯುತ್ತದೆ. ತಡೆದಾಗ ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಎಳೆದ ವಿದ್ಯುತ್ತಿನ ಪ್ರಮಾಣವೇ ಗಾಜಿನ ಸ್ಥಿತಿಯ ಸೂಚನೆಯಾಗಿ, ಅದರಂತೆ ಮುಂದಿನ ಬಿಡುವು ನಿಗದಿಯಾಗುತ್ತಿತ್ತು. ಈ ಇಡೀ ಚರಿತ್ರೆಯಲ್ಲಿ ಇಷ್ಟು ಮಿತವ್ಯಯದ ಉಪಾಯ ಮತ್ತೊಂದಿಲ್ಲ. ಇದರ ಕೊರತೆಯೆಂದರೆ ಒಂದು ಸಲ ಒರೆಸಿದ ಮೇಲೆಯೇ ಗಾಜಿನ ಸ್ಥಿತಿ ತಿಳಿಯುತ್ತದೆ, ಮಳೆ ಶುರುವಾದದ್ದನ್ನು ಅದು ತಾನಾಗಿ ಅರಿಯದು. ರಬ್ಬರ್ ಹಳತಾದರೂ ಗಾಜಿಗೆ ಎಣ್ಣೆಪಸೆ ತಗುಲಿದರೂ ಲೆಕ್ಕ ತಪ್ಪುತ್ತದೆ.

ಹನಿಯ ಹೊಡೆತವನ್ನು ಅಳೆಯುವುದು ಇನ್ನೊಂದು ದಾರಿ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಪಿಯೆಜೊ ಹರಳನ್ನು ಒಂದು ತಗಡಿಗೆ ಅಂಟಿಸಿ ಹೊರಗೆ ಇಟ್ಟರೆ ಬಿದ್ದ ಹನಿಗಳನ್ನು ಎಣಿಸಬಹುದು. 1980ರ ದಶಕದಲ್ಲಿ ಜಪಾನಿನಲ್ಲಿ ಈ ಬಗೆಯ ಸೆನ್ಸರುಗಳು ಕಾರಿಗೆ ಬಂದವು. ಬಿರುಮಳೆಯಲ್ಲಿ ಅದು ಸಮರ್ಥ. ಆದರೆ ಸಾವಿರದಲ್ಲೊಂದು ಪಾಲು ತೂಗುವ ತುಂತುರಿನ ಹನಿಯ ಸದ್ದು ಎಂಜಿನ್ನಿನ ಮತ್ತು ರಸ್ತೆಯ ನಡುಕದಲ್ಲಿ ಅಡಗಿಹೋಗುತ್ತದೆ. ಮೂರನೆಯ ದಾರಿ ನೀರಿನ ವಿದ್ಯುತ್ ಗುಣವನ್ನು ಅಳೆಯುವುದು. ವಿದ್ಯುತ್ ಆವೇಶವನ್ನು ಹಿಡಿದಿಡಲು ಒಂದು ವಸ್ತು ಎಷ್ಟು ನೆರವಾಗುತ್ತದೆ ಎಂಬುದನ್ನು ಸೂಚಿಸುವ ಪರವಿದ್ಯುತ್ ಸ್ಥಿರಾಂಕ ನೀರಿಗೆ ಸುಮಾರು 80, ಗಾಜಿನದು ಅದರ ಹತ್ತನೆಯ ಒಂದು ಭಾಗದಷ್ಟು. ಈ ಅಂತರವನ್ನು ಬಳಸಿ, ಗಾಜಿಗೆ ಹೊಂದಿಸಿದ ಕೆಪಾಸಿಟರಿನಿಂದ ನೀರನ್ನು ಗುರುತಿಸುವ ಪ್ರಯತ್ನಗಳೂ ನಡೆದವು.

ಕೊನೆಗೆ ನೆಲೆಯೂರಿದ್ದು ಬೆಳಕಿನ ವಿಧಾನ. ಬೆಳಕು ಗಾಜಿನೊಳಗಿಂದ ಗಾಳಿಯ ಕಡೆಗೆ ಓರೆಯಾಗಿ ಬಂದಾಗ, ಆ ಓರೆ ಒಂದು ಮಿತಿಯನ್ನು ದಾಟಿದರೆ ಹೊರಗೆ ಹೋಗದೆ ಪೂರ್ತಿ ಒಳಕ್ಕೇ ಮರಳುತ್ತದೆ. ಪ್ರೌಢಶಾಲೆಯ ಪಠ್ಯದಲ್ಲಿ ಸಂಪೂರ್ಣ ಆಂತರಿಕ ಪ್ರತಿಫಲನ ಎಂದು ಓದುವುದು ಇದನ್ನೇ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5, ಗಾಳಿಯನ್ನು ಎದುರಿಸುವಾಗ ಅದರ ಮಿತಿಕೋನ ಸುಮಾರು 42 ಡಿಗ್ರಿ. ಗಾಳಿಯ ಜಾಗದಲ್ಲಿ 1.33 ಸೂಚ್ಯಂಕದ ನೀರು ನಿಂತರೆ ಅದೇ ಕೋನ 62 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಕಾರಿನೊಳಗಿನ ಸಣ್ಣ ಎಲ್‌ಇಡಿ, ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು ಗಾಜಿನೊಳಕ್ಕೆ 45 ಡಿಗ್ರಿ ಕೋನದಲ್ಲಿ ಹಾಯಿಸುತ್ತದೆ. 45 ಎಂಬುದು ಆ ಎರಡು ಮಿತಿಗಳ ನಡುವೆ ಬೀಳುತ್ತದೆ. ಗಾಜಿನ ಹೊರಮೈ ಒಣಗಿದ್ದರೆ ಬೆಳಕೆಲ್ಲ ಮರಳಿ ಫೋಟೊಡಯೋಡಿಗೆ ಬರುತ್ತದೆ. ಅಲ್ಲಿ ಹನಿ ನಿಂತಿದ್ದರೆ ಅಷ್ಟು ಬೆಳಕು ನೀರಿನ ಮೂಲಕ ಹೊರಗೆ ಸೋರಿಹೋಗುತ್ತದೆ. ಸೋರಿದ ಬೆಳಕಿನ ಲೆಕ್ಕವೇ ನೀರಿನ ಲೆಕ್ಕ. ಸೆನ್ಸರಿನ ಯಾವ ಭಾಗವೂ ಮಳೆಗೆ ಒಡ್ಡಿಕೊಂಡಿಲ್ಲ. ಅದು ಗಾಜಿನ ಒಳಬದಿಯಲ್ಲಿ, ಹಿಂಬದಿ ನೋಡುವ ಕನ್ನಡಿಯ ಹಿಂದೆ, ವೈಪರ್ ಒರೆಸುವ ಪರಿಧಿಯೊಳಗೆ ಕೂತಿರುತ್ತದೆ. ನೋಟವನ್ನು ಕೆಡಿಸುವುದು ಹನಿಯು ಬೆಳಕನ್ನು ಬಾಗಿಸುವ ಗುಣ. ಸೆನ್ಸರ್ ಹಿಡಿಯುವುದೂ ಅದೇ ಗುಣವನ್ನು. ಹಿಂದಿನ ವಿಧಾನಗಳಿಗೆ ಇಲ್ಲದ ಹೊಂದಿಕೆ ಇದಕ್ಕೆ ಒದಗಿದ್ದು ಹೀಗೆ.

ತತ್ತ್ವ ತಿಳಿದಿದ್ದರೂ ಬಳಕೆಗೆ ಬರಲು ವರ್ಷಗಳು ಹಿಡಿದವು. ಆಸ್ಟ್ರೇಲಿಯಾದ ರೇಮಂಡ್ ನೋಆಕ್ ಇಂಥ ಸೆನ್ಸರಿಗಾಗಿ 1978ರಲ್ಲಿ ಅರ್ಜಿ ಸಲ್ಲಿಸಿ 1982ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅಮೆರಿಕದ ಗಾಜು ತಯಾರಕ ಸಂಸ್ಥೆ ಲಿಬಿ-ಓವೆನ್ಸ್-ಫೋರ್ಡ್‌ಗಾಗಿ ರೈನ್ ಟೆಡರ್ ರೂಪಿಸಿದ ವೈಪರ್ ನಿಯಂತ್ರಣಕ್ಕೆ 1991ರಲ್ಲಿ ಪೇಟೆಂಟ್ ಬಂತು. 1996ರ ಮಾದರಿಯಲ್ಲಿ ಕ್ಯಾಡಿಲಾಕ್ ‘ರೇನ್‌ಸೆನ್ಸ್’ ಎಂಬ ಹೆಸರಿನಲ್ಲಿ ಮಳೆ ಅರಿತು ಓಡುವ ವೈಪರನ್ನು ಕೊಟ್ಟಿತು. ಆಮೇಲಿನ ಹತ್ತು ವರ್ಷಗಳಲ್ಲಿ ಯುರೋಪು, ಜಪಾನು, ಕೊರಿಯಾದ ಕಾರುಗಳಿಗೂ ಅದು ಹರಡಿ, ಭಾರತದಲ್ಲಿ ದುಬಾರಿ ಮಾದರಿಗಳಿಂದ ಕ್ರಮೇಣ ಮಧ್ಯಮ ದರ್ಜೆಯವಕ್ಕೂ ಇಳಿಯಿತು. ವೈಪರಿನ ಕಡ್ಡಿಯ ಮೇಲೆ ‘ಆಟೋ’ ಎಂಬ ಗುರುತಿದ್ದರೆ ಅದು ಈ ವ್ಯವಸ್ಥೆಯದು.

ನಿಜವಾದ ಕಷ್ಟ ಅಳತೆಯಲ್ಲಿ ಅಲ್ಲ, ಅಳತೆಯ ಅರ್ಥ ಹಚ್ಚುವುದರಲ್ಲಿತ್ತು. ಸೆನ್ಸರ್ ನೋಡುವ ಜಾಗ ಕೆಲವೇ ಚದರ ಸೆಂಟಿಮೀಟರ್. ಮುಂಗಾಜಿಗೆ ಹೋಲಿಸಿದರೆ ಅತ್ಯಲ್ಪ. ತುಂತುರಿನಲ್ಲಿ ಗಾಜಿನ ತುಂಬ ಹನಿ ಕೂತರೂ ಆ ಪುಟ್ಟ ಚೌಕಕ್ಕೆ ಒಂದೂ ಬೀಳದಿರಬಹುದು. ಗಾಜೆಲ್ಲ ಒಣಗಿರುವಾಗ ಮರದಿಂದ ತೊಟ್ಟಿಕ್ಕಿದ ಒಂದು ಹನಿ ಅಲ್ಲಿಗೇ ಬೀಳಬಹುದು. ಸೂರ್ಯನ ಬೆಳಕಿನಲ್ಲೂ ಅವಗೆಂಪು ಕಿರಣ ಹೇರಳ. ಸಾಲುಮರದ ನೆರಳು ಸರಿದಾಗ, ಸುರಂಗದಿಂದ ಹೊರಬಂದಾಗ ಫೋಟೊಡಯೋಡಿಗೆ ಬೀಳುವ ಬೆಳಕು ಒಮ್ಮೆಲೇ ಬದಲಾಗುತ್ತದೆ. ಅದಕ್ಕಾಗಿ ಎಲ್‌ಇಡಿಯನ್ನು ಅತಿ ವೇಗದಲ್ಲಿ ಮಿಡಿಸಿ, ಆ ಮಿಡಿತಕ್ಕೆ ಹೊಂದುವ ಬೆಳಕನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗಾಜಿನ ಮೇಲಿನ ಗೀರು, ಧೂಳು, ಸವೆದ ರಬ್ಬರ್ ಬಿಟ್ಟುಹೋದ ನೀರಿನ ಪೊರೆ ಇವೂ ಬೆಳಕನ್ನು ಕುಗ್ಗಿಸುತ್ತವೆ. ಆದ್ದರಿಂದ ಒಳ್ಳೆಯ ವ್ಯವಸ್ಥೆ ಬೆಳಕಿನ ಮಟ್ಟಕ್ಕಿಂತ ಅದರ ಬದಲಾವಣೆಗೆ ಹೆಚ್ಚು ಬೆಲೆ ಕೊಡುತ್ತದೆ. ಹನಿ ಬಿದ್ದಾಗ ಬೆಳಕು ಥಟ್ಟನೆ ಕುಗ್ಗುತ್ತದೆ, ಧೂಳು ಕೂತಾಗ ಮೆಲ್ಲಮೆಲ್ಲಗೆ. ಒರೆಸುವ ಮೊದಲಿನ ಮತ್ತು ನಂತರದ ಅಳತೆಯನ್ನು ಹೋಲಿಸಿದರೆ, ಒರೆಸಿದರೂ ಹೋಗದೆ ಉಳಿದದ್ದು ಮಳೆಯಲ್ಲವೆಂದು ಗೊತ್ತಾಗುತ್ತದೆ. ಇದರ ಮೇಲೆ ವಾಹನದ ವೇಗವೂ ಚಾಲಕ ಆರಿಸಿದ ಸೂಕ್ಷ್ಮತೆಯೂ ಸೇರಿ ಬಿಡುವು ನಿರ್ಧಾರವಾಗುತ್ತದೆ. ಒಂದೇ ಮಳೆಗೆ ಒಬ್ಬರಿಗೆ ಹೆಚ್ಚೆನಿಸುವ ಒರೆಸುವಿಕೆ ಇನ್ನೊಬ್ಬರಿಗೆ ಸಾಲದು. ಸೂಕ್ಷ್ಮತೆಯ ಗುಂಡಿ ಉಳಿದುಕೊಂಡಿರುವುದು ಆ ಕಾರಣಕ್ಕೆ.

ಜೋಡಣೆಯ ಸಂಗತಿಯೂ ಚಿಕ್ಕದಲ್ಲ. ಸೆನ್ಸರ್ ಮತ್ತು ಗಾಜಿನ ನಡುವೆ ಗಾಳಿಯ ಪದರ ಇರಬಾರದೆಂದು ಪಾರದರ್ಶಕ ಸಿಲಿಕೋನ್ ಪಟ್ಟಿಯನ್ನು ಹಾಕುತ್ತಾರೆ. ಅದರೊಳಗೆ ಗುಳ್ಳೆ ಸಿಕ್ಕಿಕೊಂಡರೆ ಅಲ್ಲಿಯೇ ಬೆಳಕು ದಾರಿ ತಪ್ಪುತ್ತದೆ. ಒಡೆದ ಮುಂಗಾಜನ್ನು ಬದಲಿಸಿದ ಮೇಲೆ ವೈಪರ್ ಒಣಬಿಸಿಲಿನಲ್ಲೂ ಆಡತೊಡಗಿದರೆ ಗ್ಯಾರೇಜಿನವರು ಮೊದಲು ನೋಡಬೇಕಾದದ್ದು ಈ ಪಟ್ಟಿಯನ್ನು. ವಾಹನ ತೊಳೆಯುವಾಗ ‘ಆಟೋ’ವನ್ನು ನಿಲ್ಲಿಸಿಡಬೇಕು. ಮುಂಗಾರಿಗೆ ಮುಂಚೆಯೂ ಅಷ್ಟೆ: ಧೂಳು ಮೆತ್ತಿದ ಗಾಜಿನ ಮೇಲೆ ನಾಲ್ಕು ಹನಿಗೆ ವೈಪರ್ ತಾನೇ ಓಡಿದರೆ ಕೆಸರು ಬಳಿದಂತಾಗಿ ದಾರಿ ಇನ್ನಷ್ಟು ಮಸುಕಾಗುತ್ತದೆ, ಗಾಜಿಗೆ ಗೀರೂ ಬೀಳಬಹುದು.

ಹೊರಗಿನ ನೀರಿನಂತೆ ಒಳಗಿನ ತೇವವೂ ನೋಟಕ್ಕೆ ಅಡ್ಡಿ. ಮಳೆಯಲ್ಲಿ ಕಿಟಕಿ ಮುಚ್ಚಿದ ಕಾರಿನಲ್ಲಿ ಜನರ ಉಸಿರಿನ ಆವಿ ತಂಪಾದ ಗಾಜಿಗೆ ತಗುಲಿ ಮಂಜುಗಟ್ಟುತ್ತದೆ. ವೈಪರ್ ಇದನ್ನು ತೆಗೆಯಲಾರದು. ಗಾಜಿನ ಬಳಿಯ ಉಷ್ಣತೆ ಮತ್ತು ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು ಅಳೆದು, ಗಾಜು ಇಬ್ಬನಿಬಿಂದುವಿಗೆ ಸಮೀಪಿಸುತ್ತಿದ್ದಂತೆ ಒಣಗಾಳಿಯನ್ನು ಅತ್ತ ತಿರುಗಿಸುವ ಸೆನ್ಸರ್ ಹಲವು ಕಾರುಗಳಲ್ಲಿದೆ. ಮಳೆಯ ಸೆನ್ಸರ್, ಹೆಡ್‌ಲೈಟಿಗಾಗಿ ಬೆಳಕನ್ನು ನೋಡುವ ಸೆನ್ಸರ್ ಮತ್ತು ಇದು ಒಂದೇ ಪೆಟ್ಟಿಗೆಯಲ್ಲಿ ಸೇರಿಕೊಳ್ಳುವುದುಂಟು.

ಬೆಳಕಿನ ಸೆನ್ಸರಿನ ಬದಲಿಗೆ ಕ್ಯಾಮೆರಾವನ್ನು ಬಳಸುವ ದಾರಿಯೂ ಇದೆ. 2016ರ ಅಕ್ಟೋಬರಿನ ನಂತರ ತಯಾರಾದ ಟೆಸ್ಲಾ ಕಾರುಗಳಲ್ಲಿ ಮಳೆಗೆಂದು ಪ್ರತ್ಯೇಕ ಸೆನ್ಸರ್ ಇರಲಿಲ್ಲ. ರಸ್ತೆಯನ್ನು ನೋಡಲು ಗಾಜಿನ ಹಿಂದೆ ಇಟ್ಟಿದ್ದ ಕ್ಯಾಮೆರಾಗಳ ಚಿತ್ರದಿಂದಲೇ ಮಳೆಯನ್ನು ಗುರುತಿಸುವ ಸಾಫ್ಟ್‌ವೇರನ್ನು 2017ರ ಡಿಸೆಂಬರಿನಿಂದ ಆ ಕಾರುಗಳಿಗೆ ಕಳಿಸಲಾಯಿತು. ಗಾಜಿನ ಹೆಚ್ಚು ವಿಸ್ತಾರವಾದ ಭಾಗವನ್ನು ನೋಡಬಲ್ಲುದು ಕ್ಯಾಮೆರಾದ ಲಾಭ. ಚಾಲಕನ ಕಣ್ಣಿಗೆ ಅಡ್ಡಿಯಾಗುವುದನ್ನು ಅದು ನೇರವಾಗಿ ಚಿತ್ರದಲ್ಲೇ ಕಾಣುತ್ತದೆ. ಆದರೆ ಅದರ ಮಸೂರ ಹೊಂದಿಕೊಂಡಿರುವುದು ದೂರದ ರಸ್ತೆಗೆ, ಆದ್ದರಿಂದ ಎದುರಿಗೇ ಇರುವ ಹನಿ ಮಸುಕು ಕಲೆಯಾಗಿ ಮೂಡುತ್ತದೆ. ಬೀದಿದೀಪವಿಲ್ಲದ ಕತ್ತಲ ರಸ್ತೆಯಲ್ಲಿ ಆ ಕಲೆಯೂ ಸ್ಪಷ್ಟವಾಗಿ ಕಾಣದು. ಅವಗೆಂಪು ಎಲ್‌ಇಡಿಯಾದರೋ ತನಗೆ ಬೇಕಾದ ಬೆಳಕನ್ನು ತಾನೇ ಹೊತ್ತಿಸಿಕೊಳ್ಳುತ್ತದೆ. ಮುಂದಿನ ರಸ್ತೆಗೆಂದು ಕ್ಯಾಮೆರಾ ಇಟ್ಟುಕೊಂಡ ಅನೇಕ ಕಾರುಗಳಲ್ಲಿ ಅದರ ಪಕ್ಕದಲ್ಲೇ, ಕನ್ನಡಿಯ ಹಿಂದಿನ ಅದೇ ಜಾಗದಲ್ಲಿ, 45 ಡಿಗ್ರಿಯ ಆ ಕಿರಣ ಇಂದಿಗೂ ಕೆಲಸ ಮಾಡುತ್ತಿದೆ.