ಮೂಳೆರೋಗ ಮತ್ತು ಕಿಣ್ವ: ಒಂದು ಅಂಕಿ ಹೇಳುವುದೆಷ್ಟು?

ಆಲ್ದೂರಿನ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮಂಡಿನೋವು ಎಂದಿಟ್ಟುಕೊಳ್ಳೋಣ. ರಕ್ತಪರೀಕ್ಷೆಯ ವರದಿಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಲೀಟರಿಗೆ 350 ಯೂನಿಟ್ ಎಂದಿದೆ. ಪಕ್ಕದಲ್ಲೇ ವಯಸ್ಕರ ಮಿತಿ 40ರಿಂದ 130 ಎಂದು ಮುದ್ರಿತವಾಗಿದೆ. ಇದನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ. ಆದರೆ ಈ ಅಂಕಿಯೊಂದರಿಂದಲೇ ರೋಗವಿದೆಯೆಂದಾಗಲೀ ಇಲ್ಲವೆಂದಾಗಲೀ ತೀರ್ಮಾನಿಸಲು ಬರುವುದಿಲ್ಲ.

ಕಿಣ್ವದ ಕೆಲಸ

ಮೂಳೆ ನಿತ್ಯವೂ ಸವೆಯುತ್ತ, ಮತ್ತೆ ಕಟ್ಟಿಕೊಳ್ಳುತ್ತ ಇರುವ ಜೀವಂತ ಅಂಗಾಂಶ. ಅದನ್ನು ಕಟ್ಟುವ ಆಸ್ಟಿಯೋಬ್ಲಾಸ್ಟ್ ಕೋಶಗಳಲ್ಲಿ ಈ ಕಿಣ್ವ ಹೇರಳವಾಗಿರುತ್ತದೆ. ಲವಣಾಂಶ ಗಟ್ಟಿಗೊಳ್ಳುವುದನ್ನು ತಡೆಯುವ ಪೈರೋಫಾಸ್ಫೇಟನ್ನು ಒಡೆಯುವುದು ಇದರ ಕಾರ್ಯ. ಬೆಳೆಯುವ ಮೂಳೆಯಲ್ಲಿ ಇದರ ಪಾತ್ರವನ್ನು 1923ರಲ್ಲಿ ಲಂಡನ್ನಿನ ರಾಬರ್ಟ್ ರಾಬಿಸನ್ ಗುರುತಿಸಿದರು. ಮೂಳೆ ಕಟ್ಟುವ ಕೆಲಸ ಚುರುಕಾದಷ್ಟೂ ರಕ್ತದಲ್ಲಿ ಕಿಣ್ವದ ಪ್ರಮಾಣ ಏರುತ್ತದೆ. ಹೀಗಾಗಿ ಹದಿಹರೆಯದಲ್ಲಿ ಅದು ವಯಸ್ಕರ ಮಿತಿಯ ಎರಡು ಮೂರು ಪಟ್ಟು ಇರುವುದು ಸಾಮಾನ್ಯ.

ಏರಿಕೆ, ಇಳಿಕೆ

ರಿಕೆಟ್ಸ್, ಪೇಜೆಟ್ ಕಾಯಿಲೆ ಹಾಗೂ ಕೂಡುತ್ತಿರುವ ಮೂಳೆಮುರಿತದಲ್ಲಿ ಕಿಣ್ವ ಏರುತ್ತದೆ. ಪಿತ್ತನಾಳದ ಅಡಚಣೆಯಲ್ಲೂ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲೂ ಏರುವುದುಂಟು. ಮೂಳೆಯನ್ನು ತಿಂದುಹಾಕುವ ಮಲ್ಟಿಪಲ್ ಮೈಲೋಮಾದಲ್ಲಿ ಹೊಸ ಮೂಳೆ ಕಟ್ಟುವ ಕೆಲಸ ಕುಂಠಿತವಾಗುವುದರಿಂದ ಅಂಕಿ ಸಾಮಾನ್ಯವಾಗಿಯೇ ಉಳಿಯುವುದು ಹೆಚ್ಚು. 1948ರಲ್ಲಿ ವರ್ಣಿತವಾದ ಹೈಪೋಫಾಸ್ಫಟೇಸಿಯಾ ಎಂಬ ವಿರಳ ವಂಶವಾಹಿ ರೋಗದಲ್ಲಿ ಕಿಣ್ವವೇ ಕೊರತೆಯಾಗಿ ಮೂಳೆ ಮೆದುವಾಗುತ್ತದೆ.

ಹದಿಹರೆಯದವರನ್ನು ಹೆಚ್ಚಾಗಿ ಕಾಡುವ ಮೂಳೆ ಕ್ಯಾನ್ಸರ್ ಆಸ್ಟಿಯೋಸಾರ್ಕೋಮಾ. ಮಂಡಿಯ ಆಸುಪಾಸು ಅದರ ಮುಖ್ಯ ನೆಲೆ. ಇದರಲ್ಲಿ ಅನೇಕರಿಗೆ ಕಿಣ್ವ ಏರಿದರೂ ಎಲ್ಲರಿಗೂ ಏರುವುದಿಲ್ಲ. ರೋಗ ಖಚಿತವಾದ ಬಳಿಕವೇ ಈ ಅಂಕಿಗೆ ಹೆಚ್ಚು ಬೆಲೆ: ಬಹಳ ಏರಿದ್ದರೆ ರೋಗ ಉಗ್ರವೆಂಬ ಸೂಚನೆ, ಚಿಕಿತ್ಸೆಯಿಂದ ಇಳಿದದ್ದು ಮತ್ತೆ ಏರಿದರೆ ಎಚ್ಚರಿಕೆ.

ಮಲೆನಾಡಿನ ಪಾಠ

ಅವಸರದ ತೀರ್ಮಾನ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಮಲೆನಾಡಿನಲ್ಲೇ ನಿದರ್ಶನವಿದೆ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟದ ಕೀಲುಗಳನ್ನು ಹಿಡಿದು ನಡಿಗೆಯನ್ನೇ ಕಸಿಯುವ ಕಾಯಿಲೆ ಬೆಳಕಿಗೆ ಬಂತು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಅದು ಕಂಡುಬಂತು. ತುತ್ತಾದವರಲ್ಲಿ ಬಹುಪಾಲು ಬಡ ದಲಿತ ಕುಟುಂಬಗಳವರು. ಕೀಟನಾಶಕ ಬೆರೆತ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಗುಮಾನಿ ಹಬ್ಬಿತು. ಎಕ್ಸ್‌ರೇ ಹಾಗೂ ವಂಶಾವಳಿಯ ದೀರ್ಘ ಅಧ್ಯಯನದ ನಂತರ, ಇದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ರೋಗವೆಂದು ಸಂಶೋಧಕರು ನಿರ್ಣಯಿಸಿದರು.

ಮುಂದೇನು?

ಆಲ್ದೂರಿನ ಬಾಲಕನ ವಯಸ್ಸಿಗೆ 350 ಸಹಜ ಮಿತಿಯೊಳಗಿನ ಅಂಕಿಯೇ. ಆದರೆ ಅದನ್ನೇ ನಂಬಿ ಸುಮ್ಮನಿರುವುದೂ ತಪ್ಪಾದೀತು. ಒಂದೇ ಕಾಲಿನಲ್ಲಿ ವಾರಗಟ್ಟಲೆ ಬಿಡದ ನೋವು, ರಾತ್ರಿ ನಿದ್ದೆಗೆಡಿಸುವ ನೋವು, ಬೆಳೆಯುತ್ತಿರುವ ಬಾವು, ಕುಂಟುವಿಕೆ ಇವುಗಳಲ್ಲಿ ಯಾವುದಿದ್ದರೂ ಬೆಳವಣಿಗೆಯ ನೋವೆಂದೋ ಆಟದಲ್ಲಿ ಬಿದ್ದ ಪೆಟ್ಟೆಂದೋ ಕಡೆಗಣಿಸದೆ, ಉಜ್ಜಿಸಿ ನೀವಿಸದೆ, ಮೊದಲು ಎಕ್ಸ್‌ರೇ ತೆಗೆಸಬೇಕು. ಗಂತಿಯ ಸಂದೇಹ ಬಂದರೆ ಬಯಾಪ್ಸಿಯನ್ನು ಮುಂದೆ ಶಸ್ತ್ರಚಿಕಿತ್ಸೆ ನಡೆಯಲಿರುವ ಕೇಂದ್ರದಲ್ಲೇ ಮಾಡಿಸುವುದು ಲೇಸು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಅಂಥ ಕೇಂದ್ರಗಳಲ್ಲೊಂದು. ತಪ್ಪು ಜಾಗದಲ್ಲಿ ಮಾಡಿದ ಬಯಾಪ್ಸಿಯಿಂದ, ಉಳಿಸಬಹುದಾಗಿದ್ದ ಕಾಲನ್ನೇ ಕಳೆದುಕೊಳ್ಳಬೇಕಾದೀತು.